ಸಿನೆಮಾ ನೋಡಿ ಕೋಟೆ ಹತ್ತಿದ್ದು

ಪರಸ್ಥಳದಲ್ಲಿ ಸಂಸಾರ ಹೂಡಿದವರಿಗೆ ಭಾನುವಾರ ಬಂತೆಂದರೆ ಒಂದು ಯೋಚನೆ. ಸ್ವಂತ ಊರಿನಲ್ಲಾದರೆ ಸೋದರತ್ತೆಯ ಮನೆಯುಂಟು, ಮಾವನ ತೋಟವುಂಟು. ಏನೂ ಇಲ್ಲದಿದ್ದರೆ ಯಾರದಾದರೂ ಮನೆಯ ಮದುವೆ ಮುಂಜಿಯಾದರೂ ಉಂಟು. ನಾಸಿಕದಲ್ಲಿ ಸರಕಾರಿ ಕಡತ ಹೊತ್ತು ಬದುಕುವ ನಮ್ಮಂಥವರಿಗೆ ಇರುವುದು ಮೂರೇ ದಾರಿ: ಗೋದಾವರಿಯ ದಂಡೆ, ಕನ್ನಡ ಬಂಧುಗಳ ಕೂಟ, ಇಲ್ಲವೇ ಸಿನೆಮಾ. ಮೊದಲನೆಯದರಲ್ಲಿ ಜನಜಂಗುಳಿ, ಎರಡನೆಯದರಲ್ಲಿ ವರ್ಗಣಿ. ಆದ್ದರಿಂದ ಹೆಚ್ಚಿನ ಭಾನುವಾರಗಳಲ್ಲಿ ಮೂರನೆಯದಕ್ಕೇ ಬಹುಮತ ಬೀಳುವುದು.

2025ರ ಫೆಬ್ರುವರಿ 23ರಂದು ಹಾಗೆಯೇ ಆಯಿತು. 'ಛಾವಾ' ಎಂಬ ಹಿಂದೀ ಚಿತ್ರ ಬಿಡುಗಡೆಯಾಗಿ ಒಂಬತ್ತು ದಿನವಾಗಿತ್ತು. ಛಾವಾ ಎಂದರೆ ಮರಾಠಿಯಲ್ಲಿ ಸಿಂಹದ ಮರಿ. ಶಿವಾಜಿ ಮಹಾರಾಜರ ಮಗ ಸಂಭಾಜಿ ಮಹಾರಾಜರ ಕಥೆ. ಶಿವಾಜಿ ಸಾವಂತರ ಮರಾಠಿ ಕಾದಂಬರಿಯನ್ನು ಆಧರಿಸಿ ಲಕ್ಷ್ಮಣ ಉತೇಕರ ಎಂಬವರು ತೆಗೆದದ್ದು. ಕಚೇರಿಯಲ್ಲಿ ಚಹದ ಹೊತ್ತಿಗೆ ಬೇರೆ ಮಾತೇ ಇಲ್ಲ. ನಮ್ಮ ಮನೆಯಾಕೆಗೆ ಇತಿಹಾಸಕ್ಕಿಂತ ಹೆಚ್ಚಿನ ಆಕರ್ಷಣೆ ಇನ್ನೊಂದಿತ್ತು: ರಾಣಿ ಯೇಸೂಬಾಯಿಯ ಪಾತ್ರ ಮಾಡಿದ ರಶ್ಮಿಕಾ ಮಂದಣ್ಣ ನಮ್ಮ ಕೊಡಗಿನ ಹುಡುಗಿ. "ನಮ್ಮ ಕಡೆಯವಳು ಮರಾಠರ ರಾಣಿಯಾಗಿದ್ದಾಳೆ, ನೋಡದಿದ್ದರೆ ಹೇಗೆ?" ಎಂದಳು. ಅಲ್ಲಿಗೆ ಠರಾವು ಪಾಸಾಯಿತು.

ನಮ್ಮ ಜೊತೆಗೆ ವಿಜಾಪುರದ ಸಾಹೇಬರೂ ಅವರ ಮಗನೂ ಹೊರಟರು. ಸಾಹೇಬರ ಪರಿಚಯವನ್ನು ಇಲ್ಲಿ ಹೇಳಿಬಿಡಬೇಕು. ಅವರು ಸಾತಪುರದ ಕಾರಖಾನೆಯೊಂದರಲ್ಲಿ ಫಿಟ್ಟರು. ನಮ್ಮ ಚಾಳಿನ ಕೆಳಗಿನ ಅಂತಸ್ತಿನಲ್ಲಿ ಅವರ ಮನೆ. ನಾವು ಈ ಊರಿಗೆ ವರ್ಗವಾಗಿ ಬಂದ ದಿನ ಟ್ರಂಕು ಇಳಿಸುವಾಗ, "ಸಾವಕಾಶ್ರೀ, ಬೆನ್ನ ಹಿಡದೀತು" ಎಂಬ ಕನ್ನಡದ ಮಾತು ಹಿಂದಿನಿಂದ ಕೇಳಿಸಿತು. ತಿರುಗಿ ನೋಡಿದರೆ ಇವರು. ಆ ದಿನದಿಂದ ನಮ್ಮ ಮಕ್ಕಳಿಗೆ ಅವರು ಕಾಕಾ. ಅವರಿಗೆ ನಮ್ಮ ಮನೆಯಾಕೆ ಅಕ್ಕಾರು. ಅವರ ಮಗನೂ ನಮ್ಮ ಮಗನೂ ಐದನೆಯ ಇಯತ್ತೆಯಲ್ಲಿ ಒಂದೇ ಬಾಕಿನ ಮೇಲೆ ಕೂಡುವವರು.

ಚಿತ್ರ ನೋಡಿದೆವು. ಬುರ್‍ಹಾನಪುರದ ಮೇಲಿನ ದಾಳಿಯಿಂದ ತೊಡಗಿ ಸಂಗಮೇಶ್ವರದಲ್ಲಿ ಸಂಭಾಜಿ ಮಹಾರಾಜರು ಸೆರೆಸಿಕ್ಕು ಕೊಲೆಯಾಗುವ ತನಕ ಕುದುರೆ, ಕತ್ತಿ, ಧೂಳು, ಡೋಲು. ಕೊನೆಯ ಚಿತ್ರಹಿಂಸೆಯ ದೃಶ್ಯ ಬಂದಾಗ ಚಿತ್ರಮಂದಿರದಲ್ಲಿ ಉಸಿರಿನ ಸದ್ದಿಲ್ಲ. ಹೆಂಗಸರು ಅಳುತ್ತಿದ್ದರು, ಗಂಡಸರೂ ಅಳುತ್ತಿದ್ದರು. ಮಕ್ಕಳ ಕಣ್ಣು ಮುಚ್ಚಿಸಿದೆವು. ಕರೆತಂದದ್ದೇ ತಪ್ಪಾಯಿತೇನೋ ಎನಿಸಿತು. ಮುಗಿದ ಮೇಲೆ ಹಿಂದಿನ ಸಾಲುಗಳಿಂದ ಜಯಘೋಷ ಎದ್ದಿತು. ನಮ್ಮ ಮಗನೂ ಕುರ್ಚಿಯ ಮೇಲೆ ನಿಂತು ಕೂಗಿದ. ಸಾಹೇಬರ ಮಗ ಕೂಗಲಿಲ್ಲ, ತಂದೆಯ ಅಂಗಿಯ ತುದಿ ಹಿಡಿದು ನಿಂತಿದ್ದ. ಅದನ್ನು ಕಂಡೂ ನಾವು ಮನಸ್ಸಿಗೆ ತಂದುಕೊಳ್ಳಲಿಲ್ಲ.

ರಾತ್ರಿ ಊಟದ ನಂತರ ನಮ್ಮ ಮನೆಯಲ್ಲಿ ಸಭೆ ಕೂಡಿತು. ಎದುರು ಮನೆಯ ಗುರೂಜಿ ಬಂದರು. ಮರಾಠಿ ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು. ಚಿತ್ರ ಹೇಗಿತ್ತೆಂದು ಕೇಳಿದರೆ, "ನಟರು ಚೆನ್ನಾಗಿ ಮಾಡಿದ್ದಾರೆ. ಆದರೆ ಮೂರು ತಾಸಿನಲ್ಲಿ ಒಂಬತ್ತು ವರ್ಷವನ್ನು ತುಂಬುವಾಗ ಏನಾದರೂ ಹೊರಗೆ ಚೆಲ್ಲಲೇಬೇಕು" ಎಂದರು.

ಚೆಲ್ಲಿದ್ದೇನು ಎಂಬುದರ ಮೇಲೆ ಚರ್ಚೆ ನಡೆಯಿತು. ಗುರೂಜಿ ಹೇಳಿದ್ದರ ಸಾರಾಂಶ ಇಷ್ಟು: ಬಹುಕಾಲ ನಾಟಕ ಕಥೆಗಳಲ್ಲಿ ಸಂಭಾಜಿಯನ್ನು ದಾರಿತಪ್ಪಿದ ಮಗನೆಂದೇ ತೋರಿಸಲಾಗುತ್ತಿತ್ತು. ವಾ. ಸೀ. ಬೇಂದ್ರೆ ಎಂಬ ಸಂಶೋಧಕರು ದಶಕಗಳ ಕಾಲ ಕಾಗದಪತ್ರಗಳನ್ನು ಹುಡುಕಿ 1960ರಲ್ಲಿ ಚರಿತ್ರೆ ಬರೆದರು. ಆಗ ಬೇರೊಬ್ಬ ಸಂಭಾಜಿ ಕಂಡುಬಂದ. ಸಂಸ್ಕೃತದಲ್ಲಿ 'ಬುಧಭೂಷಣ' ಬರೆದ ಪಂಡಿತ, ಮೊಗಲರು, ಸಿದ್ದಿಗಳು, ಪೋರ್ಚುಗೀಜರು, ಮೈಸೂರಿನವರು ಎಂದು ನಾಲ್ಕು ದಿಕ್ಕಿನಲ್ಲಿ ಹೋರಾಡಿದ ರಾಜ. 1689ರ ಫೆಬ್ರುವರಿ 1ರಂದು ಸಂಗಮೇಶ್ವರದಲ್ಲಿ ಮುಕರಬ್ ಖಾನನ ಕೈಗೆ ಸಿಕ್ಕಾಗ ಜೊತೆಯಲ್ಲಿ ಸ್ವಲ್ಪ ಜನರಷ್ಟೇ ಇದ್ದರು. ಮಾರ್ಚ್ 11ರಂದು ಕೊಲ್ಲಿಸಿದರು. ಯಾರು ಹಿಡಿದುಕೊಟ್ಟರು ಎಂಬ ವಿಷಯದಲ್ಲಿ ಮಾತ್ರ ಇಂದಿಗೂ ಒಮ್ಮತವಿಲ್ಲ. ಚಿತ್ರದಲ್ಲಿ ಶಿರ್ಕೆ ಮನೆತನದವರನ್ನು ದ್ರೋಹಿಗಳನ್ನಾಗಿ ತೋರಿಸಿದ್ದಕ್ಕೆ ಆ ವಂಶದ ಇಂದಿನವರು ಆಕ್ಷೇಪಿಸಿದರು, ನಿರ್ದೇಶಕರು ಕ್ಷಮೆ ಕೇಳಿದರು.

"ಮೈಸೂರಿನವರು ಎಂದಿರಲ್ಲ! ಹಾಗಾದರೆ ನಾವು ಯಾರ ಪಕ್ಷ?" ಎಂದು ನಮ್ಮ ಮಗಳು ನಡುವೆ ಬಾಯಿ ಹಾಕಿದಳು. ಎಂಟನೆಯ ಇಯತ್ತೆಯ ಹುಡುಗಿ; ಪ್ರಶ್ನೆ ಕೇಳುವುದರಲ್ಲಿ ಅಕೌಂಟೆಂಟ್ ಜನರಲರ ಕಚೇರಿಯವರನ್ನು ಮೀರಿಸುತ್ತಾಳೆ.

ಬಿ.ಎ.ಗೆ ಓದಿದ್ದನ್ನೆಲ್ಲ ನೆನಪಿಗೆ ತಂದು ನಾವು ಉತ್ತರಕ್ಕೆ ಹೊರಟೆವು. ಮೈಸೂರಿನ ಚಿಕ್ಕದೇವರಾಜ ಒಡೆಯರು ಸಂಭಾಜಿಯ ವಿರುದ್ಧ ಕಾದಿದವರು. ಬೆಂಗಳೂರು ಆಗ ಶಿವಾಜಿಯ ಮಲತಮ್ಮ ಏಕೋಜಿಯ ಕೈಯಲ್ಲಿತ್ತು. 1687ರಲ್ಲಿ ಮೊಗಲ ಸರದಾರ ಕಾಸಿಮ್ ಖಾನ್ ಅದನ್ನು ಹಿಡಿದು ಒಡೆಯರಿಗೆ ಕೊಟ್ಟ. ಬೆಲೆ 3 ಲಕ್ಷ ರೂಪಾಯಿ ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಅಂದರೆ ಮೈಸೂರು ಮೊಗಲರ ಸ್ನೇಹದಲ್ಲಿತ್ತು.

"ಅಯ್ಯೋ, ಹಾಗಾದರೆ ನಾವು ಔರಂಗಜೇಬನ ಕಡೆ!" ಎಂದು ಮಗಳು ಮುಖ ಸಣ್ಣದು ಮಾಡಿದಳು.

ಅಷ್ಟರಲ್ಲಿ ಅಡಿಗೆಮನೆಯಿಂದ ನಮ್ಮ ಮನೆಯಾಕೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಸಾಗರದವಳು, ಕೆಳದಿ ಇಕ್ಕೇರಿಗಳ ಮಣ್ಣಿನಲ್ಲಿ ಆಡಿ ಬೆಳೆದವಳು. "ಸಿನೆಮಾ ಅಲ್ಲಿಗೆ ಮುಗಿಯಿತು, ಕಥೆ ಮುಗಿಯಿತೇ? ಆಮೇಲೆ ನಮ್ಮ ಚೆನ್ನಮ್ಮಾಜಿ ಬರಬೇಕಲ್ಲ!" ಎಂದು ನೆಲದ ಮೇಲೆ ಕೂತಳು. ಮತ್ತೆ ಅರ್ಧ ತಾಸು ಅವಳದೇ ರಾಜ್ಯಭಾರ. ಸಂಭಾಜಿಯ ತಮ್ಮ ರಾಜಾರಾಮ ರಾಯಗಡದಿಂದ ತಪ್ಪಿಸಿಕೊಂಡು ವೇಷ ಮರೆಸಿ ದಕ್ಷಿಣಕ್ಕೆ, ದೂರದ ಜಿಂಜಿ ಕೋಟೆಗೆ ಹೊರಟ. ಬೆನ್ನ ಹಿಂದೆ ಮೊಗಲರು. ದಾರಿಯಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿ ಅವನಿಗೆ ಆಶ್ರಯ ಕೊಟ್ಟು ಮುಂದಕ್ಕೆ ಸಾಗಿಸಿದಳು. ಗಂಡ ಸತ್ತ ಮೇಲೆ ರಾಜ್ಯವನ್ನು ಒಂಟಿಯಾಗಿ ನಡೆಸುತ್ತಿದ್ದ ಹೆಂಗಸು. ದೆಹಲಿಯ ಬಾದಶಹನ ಸಿಟ್ಟು ತನ್ನ ಮೇಲೆ ತಿರುಗುವುದೆಂದು ಅವಳಿಗೆ ಗೊತ್ತಿತ್ತು, ತಿರುಗಿತು ಕೂಡ. ಮಲೆನಾಡಿನ ಕಾಡುದಾರಿಯಲ್ಲಿ ಮೊಗಲ ದಂಡನ್ನು ತಡೆದು ನಿಲ್ಲಿಸಿ ಕೊನೆಗೆ ಸಂಧಿ ಮಾಡಿಕೊಂಡಳು.

ಗುರೂಜಿ ಎದ್ದು ನಿಂತು ಎರಡೂ ಕೈ ಜೋಡಿಸಿದರು. "ವಹಿನಿ, ಆ ಹೆಂಗಸು ಬಾಗಿಲು ಮುಚ್ಚಿದ್ದರೆ ನಮ್ಮ ಇತಿಹಾಸ ಅಲ್ಲಿಗೇ ಮುಗಿಯುತ್ತಿತ್ತು" ಎಂದರು.

ಸಾಹೇಬರು ಅಂದು ಹೆಚ್ಚು ಮಾತಾಡಲಿಲ್ಲ. ಏಳುವಾಗ ಇಷ್ಟೇ ಅಂದರು: "ವಿಜಾಪುರದ ಮಾತ ಯಾರೂ ಎತ್ತಲಿಲ್ಲ ನೋಡ್ರಿ." ಅದರ ಅರ್ಥ ನಮಗೆ ಆಮೇಲೆ ಹೊಳೆಯಿತು.

ಫೆಬ್ರುವರಿ 26 ಶಿವರಾತ್ರಿ, ಕಚೇರಿಗೆ ರಜೆ. ಉಪವಾಸದ ದಿನ ಹಸಿವನ್ನು ಮರೆಯಲು ಬೆಟ್ಟ ಹತ್ತುವುದೇ ಮೇಲೆಂದು ಗುರೂಜಿ ನಮ್ಮನ್ನು ರಾಮಶೇಜಕ್ಕೆ ಹೊರಡಿಸಿದರು. ನಾಸಿಕದ ಉತ್ತರಕ್ಕೆ ಸುಮಾರು 15 ಕಿಲೋಮೀಟರು, ಆಶೇವಾಡಿ ಗ್ರಾಮದ ನೆತ್ತಿಯ ಮೇಲಿನ ಕೋಟೆ. ಶೇಜ ಎಂದರೆ ಹಾಸಿಗೆ. ವನವಾಸದಲ್ಲಿ ಶ್ರೀರಾಮ ಇಲ್ಲಿ ಮಲಗಿದ್ದನೆಂದು ಜನರ ನಂಬಿಕೆ. ಸಹ್ಯಾದ್ರಿಯ ದೊಡ್ಡ ಕೋಟೆಗಳ ಮುಂದೆ ಇದು ಗುಡ್ಡದ ಮರಿ. ಮೆಲ್ಲಗೆ ಹತ್ತಿದರೂ ಒಂದು ತಾಸು ಸಾಕು. ಆದರೆ ಇದೇ ಗುಡ್ಡ ಔರಂಗಜೇಬನ ದಂಡನ್ನು 1682ರಿಂದ ಸುಮಾರು ಐದು ವರ್ಷ ಕಾಯಿಸಿತು.

ಮೇಲೆ ಗಾಳಿಗೆ ಮುಖವೊಡ್ಡಿ ಕೂತು ಗುರೂಜಿ ಕಥೆ ಹೇಳಿದರು. ಮೊದಲು ಶಹಾಬುದ್ದೀನ್ ಖಾನ್ ಬಂದ, ಆಮೇಲೆ ಖಾನ್ ಜಹಾನ್ ಬಂದ. ಒಳಗಿನವರ ಬಳಿ ಕಬ್ಬಿಣದ ತೋಪುಗಳಿರಲಿಲ್ಲ. ಮರದ ಬೊಡ್ಡೆ ಕೊರೆದು, ತೊಗಲು ಬಳಸಿ ತೋಪು ಮಾಡಿಕೊಂಡು ಹೊಡೆದರೆಂದು ಮೊಗಲರ ಪಕ್ಷದ ಇತಿಹಾಸಕಾರ ಖಾಫಿ ಖಾನನೇ ಬರೆದಿದ್ದಾನೆ. ಕೋಟೆಯನ್ನು ಭೂತಗಳು ಕಾಯುತ್ತಿವೆ ಎಂದು ಹೆದರಿದ ಖಾನ್ ಜಹಾನ್ ಮಂತ್ರವಾದಿಯೊಬ್ಬನನ್ನು ಕರೆಸಿದನಂತೆ. ಅವನು ಚಿನ್ನದ ಹಾವು ಮಾಡಿಸಿಕೊಂಡು ಅದನ್ನು ಕೈಯಲ್ಲಿ ಹಿಡಿದು ದಂಡಿನ ಮುಂದೆ ನಡೆದ. ಮೇಲಿನಿಂದ ಕವಣೆಯ ಕಲ್ಲೊಂದು ಬಂದು ಎದೆಗೆ ಬಡಿಯಿತು. ಹಾವು ಒಂದು ಕಡೆ, ಮಂತ್ರವಾದಿ ಒಂದು ಕಡೆ! ಕೊನೆಗೆ ಕೋಟೆ ಕೈಬಿಟ್ಟದ್ದು ತೋಪಿನಿಂದಲ್ಲ, ಹಣದಿಂದ ಎಂದು ಹೇಳುತ್ತಾರೆ.

ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಆಗ ನಮಗೆ ನೆನಪಾಯಿತು, ಜೊತೆಗಾರನಿಲ್ಲ. "ನಿನ್ನ ದೋಸ್ತ ಯಾಕೆ ಬರಲಿಲ್ಲವೋ?" ಎಂದೆವು. ಅವನು ಕಾಲ ಬೆರಳಿನಿಂದ ಮಣ್ಣು ಕೆದಕುತ್ತ ನಿಂತ. ಅಕ್ಕ ಬಾಯಿಬಿಟ್ಟಳು: "ಇವರು ದಿನಾ ಛಾವಾ ಆಟ ಆಡುತ್ತಾರೆ. ದಿನಾ ಅವನನ್ನೇ ಔರಂಗಜೇಬ ಮಾಡುತ್ತಾರೆ. ಅವನು ಒಲ್ಲೆ ಅಂದ. ಇವನು, ನೀನೇ ಆಗಬೇಕು, ನಿಮ್ಮವನೇ ಅಲ್ಲವಾ ಅಂದ."

ವಾಚಕರೇ, ಆ ಗುಡ್ಡದ ಮೇಲೆ ನಮಗೆ ಆದ ನಾಚಿಕೆಯನ್ನು ಬರೆದು ತಿಳಿಸಲಾರೆವು. ಹುಡುಗನಿಗೆ ಹೊಡೆಯಬೇಕೆನಿಸಿತು, ಹೊಡೆದರೆ ಹೊಡೆಯಬೇಕಾದ್ದು ಯಾರಿಗೆ? ಅವನನ್ನು ಚಿತ್ರಕ್ಕೆ ಕರೆದೊಯ್ದವರು ನಾವು, ತಂದೆಯ ಅಂಗಿ ಹಿಡಿದು ನಿಂತ ಹುಡುಗನನ್ನು ಕಂಡೂ ಸುಮ್ಮನಿದ್ದವರು ನಾವು, ರಾತ್ರಿಯೆಲ್ಲ ಇತಿಹಾಸ ಮಾತಾಡಿ ವಿಜಾಪುರವನ್ನು ಮರೆತವರೂ ನಾವೇ. ಇಳಿಯುವಾಗ ಯಾರೂ ಹೆಚ್ಚು ಮಾತಾಡಲಿಲ್ಲ.

ಸಂಜೆ ಮಗನನ್ನು ಕರೆದುಕೊಂಡು ಕೆಳಗಿನ ಮನೆಗೆ ಹೋದೆವು. ಸಾಹೇಬರು ವಿಷಯ ಕೇಳಿ ಗದರಲಿಲ್ಲ. ಮಗನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು: "ಔರಂಗಜೇಬ ನಮ್ಮಂವ ಅಂತ ನಿನಗ ಯಾರು ಹೇಳ್ಯಾರೋ ಮಗಾ? ನಮ್ಮ ವಿಜಾಪುರಕ್ಕ ಮುತ್ತಿಗಿ ಹಾಕಿದಾಂವ ಅಂವನ. ನಮ್ಮ ಮುತ್ತ್ಯಾನ ಮುತ್ತ್ಯಾ ಕ್ವಾಟಿ ಒಳಗಿದ್ದ, ಅಂವ ಹೊರಗ ತೋಪ ಹಚ್ಚಿ ನಿಂತಿದ್ದ."

ಮಾತು ನಿಜ. 1685ರಲ್ಲಿ ಮೊದಲಾದ ಮುತ್ತಿಗೆ 1686ರ ಸೆಪ್ಟೆಂಬರದಲ್ಲಿ ಮುಗಿದಾಗ ಆದಿಲಶಾಹಿಯೇ ಮುಗಿದುಹೋಯಿತು. ವಿಜಾಪುರದ ಹೆಸರಾಂತ ಮಲಿಕ್-ಎ-ಮೈದಾನ್ ತೋಪಿನ ಮೇಲೆ ಬಾದಶಹ ತನ್ನ ಗೆಲುವಿನ ಬರಹವನ್ನು ಕೆತ್ತಿಸಿದ. ಕೊನೆಯ ಸುಲ್ತಾನ ಸಿಕಂದರ ಇನ್ನೂ ಹದಿಹರೆಯದವನು. ಅವನನ್ನು ಸೆರೆಹಿಡಿದು ದೌಲತಾಬಾದಿನ ಕೋಟೆಯಲ್ಲಿ ಇಟ್ಟ. "ನಾನೂ ಆ ಕ್ವಾಟಿ ನೋಡಿಲ್ಲ. ಒಮ್ಮೆ ನೋಡಬೇಕು" ಎಂದರು ಸಾಹೇಬರು. ಹೀಗೆ ಸಂಭಾಜಿನಗರದ ಪ್ರವಾಸ ನಿಶ್ಚಯವಾಯಿತು.

ಮಾರ್ಚ್ 8, ಶನಿವಾರ ಬೆಳಿಗ್ಗೆ ಎರಡೂ ಸಂಸಾರಗಳು ಎಸ್.ಟಿ. ಬಸ್ಸು ಹತ್ತಿದವು. ರಮಜಾನದ ತಿಂಗಳು ಆಗಲೇ ಮೊದಲಾಗಿತ್ತು. ಉಪವಾಸದಲ್ಲಿ ಪ್ರವಾಸ ಬೇಡವೆಂದು ನಾವು ಹೇಳಿದರೆ, "ನೀವು ಶಿವರಾತ್ರಿ ಉಪಾಸ ಮಾಡಿ ಗುಡ್ಡಾ ಹತ್ತಿದ್ರಿ. ನಾ ಬಸ್ಸಿನ್ಯಾಗ ಕೂಡಲಾರದಷ್ಟು ಬಡವೇನು?" ಎಂದು ನಕ್ಕರು. ಮಹಾರಾಷ್ಟ್ರದ ಎಸ್.ಟಿ.ಯಲ್ಲಿ 2023ರಿಂದ ಹೆಂಗಸರಿಗೆ ಅರ್ಧ ದರ. ಹೆಂಗಸರಿಬ್ಬರು, ಮೂವರು ಮಕ್ಕಳು ಎಲ್ಲರೂ ಅರ್ಧ. ಪೂರ್ತಿ ಕೊಟ್ಟವರು ಗಂಡಸರಿಬ್ಬರೇ. ಲೆಕ್ಕದಲ್ಲಿ ನಾವು ಏಳು ಜನ ನಾಲ್ಕೂವರೆ ಜನರಾಗಿ ಹೊರಟೆವು.

ಪೈಠಣಿ ಸೀರೆಗಳ ಊರಾದ ಯೇವಲೆ ದಾಟುವಾಗ ಹೆಂಗಸರು ಕಿಟಕಿಯಾಚೆ ನೋಡಿದರು. ಗಂಡಸರು ಆಚೆ ನೋಡದಂತೆ ಕೂತರು. ವೈಜಾಪುರ ಕಳೆದು ಮಧ್ಯಾಹ್ನದ ಹೊತ್ತಿಗೆ ಛತ್ರಪತಿ ಸಂಭಾಜಿನಗರ ತಲುಪಿದೆವು. ಈ ಊರಿನ ಹೆಸರುಗಳೇ ಒಂದು ಪಾಠ. 1610ರಲ್ಲಿ ಮಲಿಕ್ ಅಂಬರ್ ಎಂಬ ಹಬಶಿ ವೀರ ಖಡಕಿ ಎಂಬ ಗ್ರಾಮವನ್ನು ನಗರವನ್ನಾಗಿ ಕಟ್ಟಿದ. 1653ರಲ್ಲಿ ದಖ್ಖನಿನ ಸುಭೇದಾರನಾಗಿ ಬಂದ ಔರಂಗಜೇಬ ತನ್ನ ಹೆಸರಿಟ್ಟ. 2023ರಲ್ಲಿ ಅವನು ಕೊಲ್ಲಿಸಿದ ಸಂಭಾಜಿ ಮಹಾರಾಜರ ಹೆಸರು ಬಂತು.

ಸಂಜೆ ಬೀಬೀ ಕಾ ಮಕಬರಾ ನೋಡಿ ಬಂದು ಸಾಹೇಬರು ಖರ್ಜೂರ ತಿಂದು ಉಪವಾಸ ಬಿಟ್ಟರು. ಈ ಊರಿನ ನಾನ್-ಖಲಿಯಾ ಪ್ರಸಿದ್ಧ ತಿಂಡಿ. ತುಘಲಕನ ದಂಡಿನ ಕಾಲದಿಂದ ಬಂದದ್ದೆಂದು ಹೇಳುತ್ತಾರೆ. ಅವರ ಮನೆಯವರು ಖಲಿಯಾ ಉಂಡರು. ಸಸ್ಯಾಹಾರಿಗಳಾದ ನಾವು ಹಳದಿ ಬಣ್ಣದ ನಾನ್ ರೊಟ್ಟಿಯನ್ನು ಮನೆಯಿಂದ ತಂದ ಶೇಂಗಾ ಚಟ್ನಿಗೆ ಹಚ್ಚಿ ತಿಂದೆವು. ತುಘಲಕನಿಗೆ ಈ ಯೋಗ ಸಿಕ್ಕಿರಲಾರದು.

ಮರುದಿನ ದೌಲತಾಬಾದ. ಇದೇ ದೇವಗಿರಿ, ಸೇವುಣ ಯಾದವರ ರಾಜಧಾನಿ. ಈ ಅರಸರ ಶಾಸನಗಳಲ್ಲಿ ಬಹಳಷ್ಟು ಕನ್ನಡದಲ್ಲಿಯೇ ಇವೆ. ಇವರ ಕಾಲದಲ್ಲಿಯೇ ಜ್ಞಾನೇಶ್ವರರ ಮರಾಠಿಯೂ ಅರಳಿತು. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ನುಗ್ಗಿದ. 1327ರಲ್ಲಿ ಮಹಮ್ಮದ್ ತುಘಲಕ್ ದೆಹಲಿಯನ್ನೇ ಇಲ್ಲಿಗೆ ಎತ್ತಿ ತಂದ. ಸುತ್ತ ಕಡಿದಾದ ಬಂಡೆ, ಕೆಳಗೆ ಆಳದ ಕಂದಕ, ಒಳಗೆ ಹಗಲಲ್ಲೇ ಕಣ್ಣು ಕಾಣದ ಕತ್ತಲೆಯ ಸುರಂಗ. ಬಾವಲಿಗಳ ವಾಸನೆಗೆ ಮೂಗು ಮುಚ್ಚಿಕೊಂಡು ಸುರಂಗ ಹತ್ತಿದ ನಮ್ಮ ಮಗಳು, "ಇಂಥ ಕೋಟೆಯೂ ಬಿತ್ತೇ?" ಎಂದಳು. ರಾಮಶೇಜದಂಥ ಚಿಕ್ಕ ಗುಡ್ಡ ಐದು ವರ್ಷ ನಿಂತದ್ದೂ ಇಂಥ ದೈತ್ಯ ಬಿದ್ದದ್ದೂ ಒಂದೇ ನಾಡಿನ ಕಥೆ.

ಸಾಹೇಬರು ಬಿಸಿಲಿಗೆ ಮೇಲೆ ಹತ್ತಲಿಲ್ಲ. ಹುಡುಗರಿಬ್ಬರನ್ನೂ ಕರೆದುಕೊಂಡು ಚೀನೀ ಮಹಲಿನ ನೆರಳಿನಲ್ಲಿ ಕೂತರು. ಗೋಳಕೊಂಡದ ಕೊನೆಯ ಸುಲ್ತಾನ ತಾನಾ ಶಾಹನನ್ನು ಔರಂಗಜೇಬ ಸೆರೆಯಿಟ್ಟದ್ದು ಅಲ್ಲಿ. ಅವನು ಈ ಕೋಟೆಯಲ್ಲೇ ಸತ್ತ. ನಾವು ಇಳಿದು ಬಂದಾಗ ನೀಲಿ ಹಂಚಿನ ಚೂರುಗಳು ಉಳಿದ ಆ ಗೋಡೆಯ ಹತ್ತಿರ ಸಾಹೇಬರ ಮಗ ನಮ್ಮ ಮಗನಿಗೆ ಹೇಳುತ್ತಿದ್ದ: "ನಮ್ಮ ಸಿಕಂದರ ಸುಲ್ತಾನನ್ನೂ ಇಲ್ಲೇ ತಂದಿಟ್ಟಿದ್ರು. ಸಣ್ಣಾಂವ ಇದ್ದ, ನಿಮ್ಮ ಅಕ್ಕಗಿಂತ ಸ್ವಲ್ಪ ದೊಡ್ಡಾಂವ." ನಮ್ಮ ಮಗ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದ. "ಅವನ ಅಪ್ಪ ಬಿಡಿಸಲಿಲ್ಲವಾ?" ಎಂದು ಕೇಳಿದ. "ಅಪ್ಪ ಮೊದಲೇ ಸತ್ತಿದ್ದ" ಎಂದ ಇವನು. ಆಮೇಲೆ ಇಬ್ಬರೂ ಒಂದೇ ಬಾಟಲಿಯ ನೀರಿಗೆ ಜಗಳಾಡಿದರು. ನಮಗೆ ಜೀವ ಬಂದಂತಾಯಿತು.

ಅಲ್ಲಿಂದ ಖುಲದಾಬಾದ. ಬಾಗಿಲಲ್ಲಿ ಪೋಲೀಸರಿದ್ದರು. ದರ್ಗಾದ ಅಂಗಳದ ಒಂದು ಮೂಲೆಯಲ್ಲಿ ಆಕಾಶಕ್ಕೆ ತೆರೆದ ಮಣ್ಣಿನ ಗೋರಿ. ಸುತ್ತಲಿನ ಅಮೃತಶಿಲೆಯ ಜಾಲಂದ್ರ ಬಹಳ ಮುಂದೆ ನಿಜಾಮರ ಕಾಲದಲ್ಲಿ ಹಾಕಿದ್ದು. ಟೋಪಿ ಹೊಲಿದು ಗಳಿಸಿದ 14 ರೂಪಾಯಿ 12 ಆಣೆಯಲ್ಲಿಯೇ ತನ್ನ ಗೋರಿಯಾಗಬೇಕೆಂದು ಬಾದಶಹ ಹೇಳಿದ್ದನಂತೆ. ದಖ್ಖನ್ ಗೆಲ್ಲಲು ಬಂದವನು ಇಪ್ಪತ್ತೈದು ವರ್ಷ ಡೇರೆಯಲ್ಲಿ ಅಲೆದು, ದೆಹಲಿಯನ್ನು ಮತ್ತೆ ಕಾಣದೆ, 1707ರ ಮಾರ್ಚ್ 3ರಂದು ಅಹಮದನಗರದಲ್ಲಿ ಸತ್ತ. ವಿಜಾಪುರ ಗೋಳಕೊಂಡಗಳು ಸಿಕ್ಕವು, ಮರಾಠರು ಸಿಗಲಿಲ್ಲ. ಬೊಕ್ಕಸ ಬರಿದಾಯಿತು. ಸಂಭಾಜಿಯ ಮಗ ಶಾಹೂ ಬಾಲ್ಯದಿಂದ ಅವನ ಸೆರೆಯಲ್ಲಿ ಬೆಳೆದವನು. 1707ರಲ್ಲಿ ಬಿಡುಗಡೆಯಾದ ಮೇಲೆ ಇಲ್ಲಿಗೆ ಬಂದು ಈ ಗೋರಿಯನ್ನು ಕಂಡು ಹೋದನೆಂದು ಹೇಳುತ್ತಾರೆ. ತಂದೆಯನ್ನು ಕೊಲ್ಲಿಸಿದವನ ಮುಂದೆ ನಿಂತಾಗ ಆ ತರುಣನ ಮನಸ್ಸಿನಲ್ಲಿ ಏನಿತ್ತೋ!

"ಇಷ್ಟೇನಾ?" ಎಂದ ನಮ್ಮ ಮಗ. ಸಿನೆಮಾದ ಔರಂಗಜೇಬ ಅವನ ಕಣ್ಣಲ್ಲಿ ಬಹಳ ದೊಡ್ಡವನಿದ್ದ. ಸಾಹೇಬರ ಮಗ ತಂದೆಯ ಮುಖ ನೋಡಿದ. "ನಮ್ಮ ಊರ ಕೆಡಿಸಿದಾಂವ ಅದಾನ, ಖರೆ. ಆದರ ಸತ್ತು ಮಣ್ಣಾದವರ ಮುಂದ ನಾವು ಜಗಳಾ ಮಾಡೋದಿಲ್ಲ" ಎಂದು ಸಾಹೇಬರು ಹೇಳಿ, ಪಕ್ಕದ ಸೂಫಿ ಸಂತ ಜೈನುದ್ದೀನರ ದರ್ಗಾದ ಕಡೆಗೆ ಹೋಗಿ ಕೈಯೆತ್ತಿ ನಿಂತರು. ಇದೇ ಖುಲದಾಬಾದದಲ್ಲಿ ಮೊಗಲರನ್ನು ಕಾಡಿದ ಮಲಿಕ್ ಅಂಬರನೂ, ತಾನಾ ಶಾಹನೂ, ರಾಮಶೇಜಕ್ಕೆ ಮೊದಲು ಮುತ್ತಿಗೆ ಹಾಕಿದ ಶಹಾಬುದ್ದೀನನ ಮಗ ಮೊದಲನೆಯ ನಿಜಾಮನೂ ಮಲಗಿದ್ದಾರೆ. ಬದುಕಿದಾಗ ಒಂದೇ ನಾಡಿನಲ್ಲಿ ಇಂಬು ಸಿಗದವರಿಗೆ ಒಂದೇ ಗ್ರಾಮ ಸಾಕಾಯಿತು.

ಕೊನೆಗೆ ವೇರೂಳು, ಅಂದರೆ ಎಲ್ಲೋರ. ಕೈಲಾಸ ದೇವಾಲಯದ ಮುಂದೆ ನಿಂತಾಗ ನಮ್ಮ ಮಾತೇ ನಿಂತಿತು. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕೊರೆದು ಗುಡಿ ಮಾಡಿದರು. ಪಟ್ಟದಕಲ್ಲಿನ ವಿರೂಪಾಕ್ಷನನ್ನು ಕಂಡವರಿಗೆ ಇಲ್ಲಿ ಅದರ ಅಣ್ಣನನ್ನು ಕಂಡಂತಾಗುತ್ತದೆ. ಅದೇ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡನಾಡು ಕಾವೇರಿಯಿಂದ ಗೋದಾವರಿಯ ತನಕವೆಂದು ಹೇಳಿತು. ಗೋದಾವರಿಯ ನೀರು ಕುಡಿಯುವ ನಾವು ಎದೆ ಸ್ವಲ್ಪ ಉಬ್ಬಿಸಿದೆವು.

ಮನೆಯಾಕೆ ಸೂಜಿ ಚುಚ್ಚಿದಳು. "ಸಾಕು, ಬರೀ ನಾವು ಇಲ್ಲಿಗೆ ಬಂದದ್ದನ್ನೇ ಹೇಳಬೇಡಿ. ಇಲ್ಲಿಂದ ಅಲ್ಲಿಗೆ ಹೋದವರೂ ಇದ್ದಾರೆ." ಭೋಸಲೆ ಮನೆತನದ ಮೂಲ ಇದೇ ವೇರೂಳು. ಶಿವಾಜಿಯ ಅಜ್ಜ ಮಾಲೋಜಿ ಇಲ್ಲಿಯ ಪಾಟೀಲ; ಇಲ್ಲಿಯ ಘೃಷ್ಣೇಶ್ವರ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದವನು. ಅವನ ಮಗ ಶಹಾಜಿ ವಿಜಾಪುರದ ಸೇವೆಯಲ್ಲಿದ್ದು 1638ರಿಂದ ಬೆಂಗಳೂರಿನ ಜಹಗೀರಿ ಆಳಿದ. 1664ರ ಜನವರಿಯಲ್ಲಿ ಕುದುರೆಯಿಂದ ಬಿದ್ದು ಸತ್ತದ್ದು ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ. "ನಮ್ಮ ದೊಡ್ಡಮ್ಮನ ಊರಿನ ಪಕ್ಕ. ಸಮಾಧಿಯನ್ನು ನಾನು ನೋಡಿದ್ದೇನೆ" ಎಂದಳು. ವೇರೂಳಿನ ಮಗ ಹೊದಿಗೆರೆಯಲ್ಲಿ ಮಣ್ಣಾದ. ಸಂಭಾಜಿ ಮಹಾರಾಜರ ಅಜ್ಜ ನಮ್ಮ ನೆಲದಲ್ಲಿದ್ದಾನೆ.

"ಹಾಗಾದರೆ ನಾವು ಯಾರ ಪಕ್ಷ?" ಮಗಳು ಹಳೆಯ ಕಡತವನ್ನು ಮತ್ತೆ ಮೇಲಕ್ಕೆ ತಂದಳು. ಮೈಸೂರಿನವರು ಒಂದು ಕಡೆ, ಕೆಳದಿಯವರು ಇನ್ನೊಂದು ಕಡೆ, ವಿಜಾಪುರದವರು ಇಬ್ಬರ ನಡುವೆ. ಅವರಲ್ಲಿ ಯಾರೂ ನಮ್ಮನ್ನು ಕೇಳಿ ಯುದ್ಧ ಮಾಡಲಿಲ್ಲ. ನಾವು ಇಷ್ಟೇ ಹೇಳಿದೆವು: "ಅವರ ಕಾಲದ ಪಕ್ಷ ಅವರಿಗಿರಲಿ. ಆರಿಸಲೇಬೇಕಾದರೆ, ಬೆನ್ನಟ್ಟಿಸಿಕೊಂಡು ಬಂದವನಿಗೆ ಬಾಗಿಲು ತೆರೆದವಳ ಪಕ್ಷ." ಅವಳು ಒಪ್ಪಿದಳೋ ಇಲ್ಲವೋ, ಉಳಿದ ಪ್ರಶ್ನೆಯನ್ನು ಮುಂದಕ್ಕೆ ಹಾಕಿದಳು.

ರಾತ್ರಿಯ ಬಸ್ಸಿನಲ್ಲಿ ಇತಿಹಾಸಕ್ಕೆ ಎಡೆಯಿರಲಿಲ್ಲ. ಅಂದು ದುಬೈಯಲ್ಲಿ ಭಾರತಕ್ಕೂ ನ್ಯೂಜಿಲಂಡಿಗೂ ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯ. ಹುಡುಗರಿಬ್ಬರೂ ಒಂದೇ ಮೊಬೈಲಿಗೆ ತಲೆಗೂಡಿಸಿ ಕೂತಿದ್ದರು. ಭಾರತ ಗೆದ್ದಾಗ ಇಡೀ ಬಸ್ಸು ಕೂಗಿತು. ಈ ಸಲ ಇಬ್ಬರೂ ಸೀಟಿನ ಮೇಲೆ ನಿಂತಿದ್ದರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮಾರ್ಚ್ 17ರಂದು ನಾಗಪುರದಲ್ಲಿ, ನಾವು ಒಂದು ವಾರದ ಹಿಂದೆ ಕಂಡು ಬಂದ ಅದೇ ಗೋರಿಯನ್ನು ತೆಗೆಯಬೇಕೆಂಬ ಬೇಡಿಕೆಯ ಸಂಬಂಧದಲ್ಲಿ ಗಲಭೆಯಾಯಿತು, ಕರ್ಫ್ಯೂ ಬಂತು. ನಾಸಿಕದಲ್ಲಿ ಏನೂ ಆಗಲಿಲ್ಲ. ಆದರೂ ಮರುದಿನ ನಮ್ಮ ಚಾಳಿನಲ್ಲಿ ಜನ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಸಾಹೇಬರು ಕಾರಖಾನೆಯಿಂದ ಬಂದು ಕದ ಮುಂದೆ ಮಾಡಿಕೊಂಡರು. ಸೂರ್ಯಾಸ್ತವಾಗುತ್ತಲೇ ಗುರೂಜಿ ಒಂದು ಚೀಲ ಹಿಡಿದು ಮೆಟ್ಟಿಲಿಳಿದು ಹೋಗುವುದನ್ನು ಕಂಡೆವು. ಆ ಕದವನ್ನು ತಟ್ಟಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, "ಅಹೋ, ಚಹ ಕೊಡುತ್ತೀರೋ ಇಲ್ಲವೋ? ಖರ್ಜೂರ ತಂದಿದ್ದೇನೆ" ಎಂದರು. ಕದ ತೆರೆಯಿತು. ಐದು ನಿಮಿಷ ಬಿಟ್ಟು ನಾವೂ ಇಳಿದೆವು. ಅಂದು ಯಾರೂ ಬಾದಶಹರ ಮಾತೆತ್ತಲಿಲ್ಲ. ನಲ್ಲಿಯ ನೀರು, ಶಾಲೆಯ ಫೀಸು, ಶೇಂಗಾದ ಬೆಲೆ, ಇವೇ ಮಾತು. ಅಂಥ ಸಂಜೆ ಮನಸ್ಸಿಗೆ ಬೇಕಾದದ್ದೂ ಅದೇ.

ಆ ವರ್ಷ ಮಾರ್ಚ್ 30 ಯುಗಾದಿ, 31 ರಮಜಾನ ಹಬ್ಬ. ಮೊದಲ ದಿನ ನಮ್ಮ ಮನೆಯ ಬೇವು ಬೆಲ್ಲ ಕೆಳಗೆ ಇಳಿಯಿತು, ಮರುದಿನ ಕೆಳಗಿನ ಮನೆಯ ಸುರಕುಂಬಾ ಮೇಲಕ್ಕೆ ಹತ್ತಿತು. ಗುರೂಜಿಯವರ ಮನೆಯ ಶ್ರೀಖಂಡ ಎರಡೂ ಕಡೆ ಹಂಚಿಕೆಯಾಯಿತು. ಅಂಗಳದಲ್ಲಿ ಹುಡುಗರ ಗದ್ದಲ ಕೇಳಿ ಇಣುಕಿ ನೋಡಿದೆವು. ರಾಮಶೇಜದ ಆಟ ನಡೆದಿತ್ತು. ನಲ್ಲಿಯ ಕಟ್ಟೆಯೇ ಕೋಟೆ. ಸಾಹೇಬರ ಮಗ ಕಿಲ್ಲೇದಾರ. ಹಳೆಯ ಪೈಪಿಗೆ ನಮ್ಮ ಮನೆಯ ಚಾದರ ಸುತ್ತಿ ತೊಗಲಿನ ತೋಪು ಮಾಡಿದ್ದರು. ನಮ್ಮ ಮಗ ಕೈಯಲ್ಲಿ ಸೈಕಲ್ ಟ್ಯೂಬಿನ ಹಾವನ್ನು ಹಿಡಿದು, ಮಂತ್ರ ಹೇಳುತ್ತ, ಗಂಭೀರವಾಗಿ ಕೋಟೆಯ ಕಡೆಗೆ ನಡೆಯುತ್ತಿದ್ದ. ಮೇಲಿನಿಂದ ಚಪ್ಪಲಿಯೊಂದು ಬಂದು ಅವನ ಎದೆಗೆ ಬಡಿಯಿತು. ಚಾದರದ ಮಾತು ಆಮೇಲೆ ಕೇಳೋಣವೆಂದು ನಾವು ಕಿಟಕಿ ಮುಚ್ಚಿದೆವು.